ಹೆಗಲ ಮೇಲಿನ ಮನೆ

ತನ್ನ ಮನೆಯನ್ನು ಎತ್ತಿಕೊಂಡು ಹೋಗಲು ಬಂದವರಿಗೆ ತಾನೇ ಅಡುಗೆ ಮಾಡಿ ಬಡಿಸಬೇಕು. ನಮ್ಮ ಕೆದುಂಗ್‌ಜಾಂಬು ಊರಿನ ಸಂಬತಾನ್, ಕೂಡಿ ದುಡಿಯುವ ಪದ್ಧತಿ, ಅಂದರೆ ಹಾಗೆಯೇ. ಕರೆದರೆ ಊರಿಗೆ ಊರೇ ಹೆಗಲು ಕೊಡಲು ಬರುತ್ತದೆ. ಬಂದವರಿಗೆ ಹೊಟ್ಟೆ ತುಂಬ ಉಣ್ಣಿಸಬೇಕು, ಕೂಲಿಯ ಮಾತೆತ್ತಬಾರದು. ರುಕಿಯೆಮ್ ಕೋಳಿ ಕೂಗುವ ಮೊದಲೇ ಎದ್ದು, ಮಡಕೆಯ ತಳ ಕೆರೆದು ಇದ್ದಬದ್ದ ಅಕ್ಕಿಯನ್ನೆಲ್ಲ ಒಲೆಗೆ ಏರಿಸಿದ್ದಳು. ಎಳೆ ಹಲಸಿನ ಸಾರು, ಒಣಮೀನು, ಮೆಣಸಿನಕಾಯಿ ಚಟ್ನಿ, ಸೋಯಾಕಾಳು ಹುದುಗಿಸಿ ಮಾಡಿದ ತೆಂಪೆಯ ಹುರಿದ ಬಿಲ್ಲೆಗಳು. ಇವತ್ತು ಮನೆ ತಂಗಿಯ ಹಿತ್ತಿಲಲ್ಲಿ ಕೂತರೆ ಸಾಕು, ನಾಳೆಯದು ನಾಳೆ ಎಂದುಕೊಂಡಿದ್ದಳು.

ಗಂಡ ತರ್ಮುಜಿ ಸತ್ತ ಸಾವಿರನೆಯ ದಿನದ ಊಟ ಮುಗಿದದ್ದು ಹೋದ ವಾರ. ಆ ಊಟ ಹಾಕಿ ಗೋರಿಗೆ ಕಲ್ಲು ಇಡುವವರೆಗೆ ಸತ್ತವನು ಪೂರ್ತಿ ಹೋಗಿರುವುದಿಲ್ಲ, ಅವನ ಹೆಂಡತಿಯನ್ನು ಅವನ ನೆಲದಿಂದ ಯಾರೂ ಏಳು ಅನ್ನುವ ಹಾಗಿಲ್ಲ. ಆಮೇಲೆ, ಮಕ್ಕಳಿಲ್ಲದಿದ್ದರೆ, ಅಪ್ಪನಿಂದ ಬಂದ ನೆಲ ಅಪ್ಪನ ರಕ್ತಕ್ಕೇ ಮರಳಬೇಕು. ರುಕಿಯೆಮ್‌ಗೆ ಮಕ್ಕಳಿರಲಿಲ್ಲ. ಮೈದುನ ಸಾದಿರಾನ್ ಅವತ್ತಿನ ಊಟದಲ್ಲಿ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡು, ಬಾಯಿ ಒರೆಸಿಕೊಂಡು, ಹಿರಿಯರ ಮುಂದೆ ಬೆಣ್ಣೆಯಂಥ ದನಿಯಲ್ಲಿ ಹೇಳಿದ್ದ. "ಅತ್ತಿಗೆ, ಅವಸರವೇನಿಲ್ಲ. ಆದರೆ ಹಿತ್ತಿಲು ನಮ್ಮಪ್ಪಂದು, ನಿಮಗೂ ಗೊತ್ತಲ್ಲ."

ಗೊತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮನೆ ಅವಳದು. ಜಪಾನಿನವರು ತೊಲಗಿದ ಮೇಲೆ ತರ್ಮುಜಿ ಊರೂರಿಗೆ ಗಾಡಿ ಹೊಡೆದು, ಅವಳು ಸಂತೆಯಲ್ಲಿ ಕೂತು ತೆಂಪೆ ಮಾರಿ, ಒಂದು ಸುಗ್ಗಿಗೆ ಒಂದು ಕಂಬ, ಇನ್ನೊಂದಕ್ಕೆ ನಾಲ್ಕು ಹಲಗೆ ಎಂದು ಕೂಡಿಸಿದ ತೇಗದ ಮನೆ. ಗಂಡ ಹೆಂಡತಿ ಸೇರಿ ದುಡಿದದ್ದು ಬದುಕುಳಿದವರ ಪಾಲು. ಇದನ್ನೂ ಹಿರಿಯರೇ ಒಪ್ಪಿದರು.

"ಹಲಗೆ ಲೆಕ್ಕದಲ್ಲಿ ನನಗೇ ಕೊಟ್ಟುಬಿಡಿ ಅತ್ತಿಗೆ," ಎಂದಿದ್ದ ಸಾದಿರಾನ್. ಅವನ ಮಗನಿಗೆ ಮದುವೆ ಗೊತ್ತಾಗಿತ್ತು, ಹೊಸ ಸೊಸೆಗೆ ಮನೆ ಬೇಕಿತ್ತು. "ಈ ವಯಸ್ಸಲ್ಲಿ ಮನೆ ತಲೆ ಮೇಲೆ ಹೊತ್ಕೊಂಡು ಎಲ್ಲಿಗೆ ಹೋಗ್ತೀರಿ?"

"ಹೊತ್ಕೊಂಡೇ ಹೋಗ್ತೀನಪ್ಪ," ಎಂದಿದ್ದಳು ರುಕಿಯೆಮ್. ತಂಗಿ ಪೈಕೆಮ್ ಮತ್ತು ಅವಳ ಗಂಡ ವಾಗಿಸೊ ತಮ್ಮ ಎಮ್ಮೆ ಕೊಟ್ಟಿಗೆಯ ಹಿಂದಿನ ಜಾಗ ಕೊಡುತ್ತೇವೆಂದು ಬಾಯಿ ತುಂಬ ಒಪ್ಪಿದ್ದರು. ವಾಗಿಸೊ ಗೂಟ ಹೊಡೆದು ಅಳತೆಯನ್ನೂ ತೋರಿಸಿದ್ದ.

ಬೆಳಿಗ್ಗೆ ಕೇರಿಯ ಗಂಡಸರೆಲ್ಲ ಬಂದರು. ಹಳೇ ಹುಲ್ಲಿನ ಹೊದಿಕೆಯನ್ನು ಹಿಂದಿನ ದಿನವೇ ಎಳೆದು ಹಾಕಿದ್ದರಿಂದ ಮನೆ ಬೋಳುತಲೆಯ ಮುದುಕನ ಹಾಗೆ ನಿಂತಿತ್ತು. ಕೆಲವರು ಕಂಬಗಳಿಗೆ ಅಡ್ಡ ಬಿದಿರು ಕಟ್ಟಿದರು, ಉಳಿದವರು ಎಲೆಯ ಮುಂದೆ ಕೂತರು. ಕೇರಿಯ ಯಜಮಾನ ಸೆಂತೊನೊ ಎಲೆಯಡಿಕೆ ಜಗಿಯುತ್ತ ಎಲ್ಲಕ್ಕೂ ತಲೆಯಾಡಿಸುತ್ತಿದ್ದ. ದಪ್ಪ ಜಿಮಾನ್ ಮಾತ್ರ ಬಾಯಿ ಮುಚ್ಚುವವನಲ್ಲ.

"ಅಕ್ಕ, ಇನ್ನೊಂದು ತುಂಡು ಮೀನು ಹಾಕು. ಮನೆಯ ಆ ಮೂಲೆ ನನ್ನ ಹೆಗಲಿಗೆ, ನೆನಪಿರಲಿ."

"ನೀನು ಹೊಟ್ಟೆ ಹೊತ್ಕೊಂಡು ನಡೆದರೆ ಸಾಕು ಕಣೋ," ಎಂದಳು ರುಕಿಯೆಮ್. ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಸಾವಿನ ಮನೆಯಲ್ಲೂ ಒಮ್ಮೊಮ್ಮೆ ನಗು ಬರುತ್ತದಲ್ಲ, ಹಾಗೆ.

ಸಾದಿರಾನ್ ಕೂಡ ಬಂದಿದ್ದ. ಬರದೆ ಇರುವ ಹಾಗಿಲ್ಲ, ನೆಂಟನೂ ಹೌದು, ನೆರೆಯವನೂ ಹೌದು. ಶುಭ್ರವಾದ ಅಂಗಿ ಬಿಚ್ಚಿ ಮಡಿಸಿಟ್ಟು, ಎಲ್ಲರ ಜೊತೆ ಕೂತು ಉಂಡ. "ಅತ್ತಿಗೆ ಕೈ ರುಚಿ ಅಂದರೆ ರುಚಿ. ಉಪ್ಪು ಮಾತ್ರ ಒಂದು ಹರಳು ಕಮ್ಮಿ," ಎಂದ. ಎದ್ದು ಕೈ ತೊಳೆದುಕೊಂಡು, ಕಂಬದ ಬುಡವನ್ನು ಕಾಲಲ್ಲಿ ಮುಟ್ಟಿ ತೋರಿಸಿದ. "ಒಂದು ಮಾತು. ಕಂಬ ನಿಮ್ಮದು. ಕಂಬದಡಿಯ ಕಲ್ಲು ಈ ನೆಲದಲ್ಲೇ ಅಗೆದದ್ದು. ಅದು ನೆಲಕ್ಕೆ ಸೇರಿದ್ದು."

ರುಕಿಯೆಮ್ ಸೆಂತೊನೊನ ಮುಖ ನೋಡಿದಳು. ಅವನು ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದ. "ಪದ್ಧತಿ ಹೌದು," ಎಂದ. ಕಲ್ಲಿಲ್ಲದೆ ಬರೀ ಮಣ್ಣಿನ ಮೇಲೆ ನಿಂತ ಕಂಬವನ್ನು ಗೆದ್ದಲು ಬಿಡುವುದಿಲ್ಲವೆಂದು ಊರಿನ ಕೂಸಿಗೂ ಗೊತ್ತು. ಅಣ್ಣನ ಹೆಂಡತಿಗೆ ನಾಲ್ಕು ಕಲ್ಲು ಬಿಟ್ಟುಕೊಡದ ಈ ಗಂಡಸು ಈಗ ತಾನೇ ಅವಳ ಕೊನೆಯ ಅನ್ನ ಉಂಡಿದ್ದ. ಬೈಯಲು ಬಾಯಿ ತೆರೆದವಳು ನುಂಗಿಕೊಂಡಳು. ಜಗಳವಾದರೆ ಜನ ಚದುರುತ್ತಾರೆ, ಜನ ಚದುರಿದರೆ ಮನೆ ಏಳುವುದಿಲ್ಲ. ಮತ್ತೊಮ್ಮೆ ಊರನ್ನು ಕರೆದು ಉಣ್ಣಿಸಲು ಒಂದು ಹಿಡಿ ಅಕ್ಕಿ ಉಳಿದಿರಲಿಲ್ಲ.

"ಆಗಲಿ," ಎಂದಳು.

ಸೆಂತೊನೊ ಕೂಗು ಹಾಕಿದ. ಕೇರಿಯ ಗಂಡಸರೆಲ್ಲ ಬಿದಿರಿಗೆ ಹೆಗಲು ಕೊಟ್ಟರು, ಎಲ್ಲರಿಗಿಂತ ಮುಂದಿನ ಬಿದಿರಿಗೆ ಸಾದಿರಾನ್. ಕಂಬಗಳು ಕಿರುಗುಟ್ಟಿದವು, ಒಂದು ಹಲ್ಲಿ ಪುಳಕ್ಕೆಂದು ಹಾರಿಬಿತ್ತು, ಮನೆ ಮೇಲಕ್ಕೆ ಎದ್ದಿತು. ಮನೆಯಿದ್ದ ಜಾಗದಲ್ಲಿ ನುಣ್ಣಗೆ ಸಾರಿಸಿದ ಮಣ್ಣು, ನಾಲ್ಕು ಕಲ್ಲು, ಮಂಚದ ಕಾಲಿನ ಗುಳಿಗಳು ಬಿಸಿಲಿಗೆ ಬಿದ್ದವು. ಅದನ್ನು ನೋಡಲಾರದೆ ಅವಳು ಬಿರಬಿರನೆ ಮುಂದೆ ನಡೆದಳು. ಹೊಸ ಜಾಗಕ್ಕೆ ಹೋಗುವವಳು ಮೊದಲು ಒಯ್ಯಬೇಕಾದದ್ದು ಅವಳ ಕೈಯಲ್ಲಿತ್ತು: ಚಾಪೆ, ಪೊರಕೆ, ಒಲೆಯ ಕೆಂಡ ತುಂಬಿದ ಕುಡಿಕೆ.

ಹಿಂದೆ ಮನೆ ಬರುತ್ತಿತ್ತು. ಬಾಗಿಲು ಅದರಷ್ಟಕ್ಕೆ ತೆರೆದು ಮುಚ್ಚುತ್ತಿತ್ತು. "ಒಳಗೆ ಯಾರೋ ಇದ್ದಾರೆ ಕಣ್ರೋ, ತರ್ಮುಜಿ ಅಣ್ಣ ಪುಕ್ಕಟೆ ಸವಾರಿ ಹೊರಟಿದ್ದಾನೆ," ಎಂದು ಜಿಮಾನ್ ಏದುಸಿರಲ್ಲೇ ಕೂಗಿದ. ಬೇಲಿಗಳ ಹಿಂದೆ ಹೆಂಗಸರು ನಕ್ಕರು.

ತಂಗಿಯ ಮನೆಯ ಗೇಟು ಹಾಕಿತ್ತು. ವಾಗಿಸೊ ಒಗೆದ ಸರೋಂಗ್ ಉಟ್ಟು, ತಲೆಗೆ ಟೋಪಿ ಇಟ್ಟು ಗೇಟಿನ ಮುಂದೆ ನಿಂತಿದ್ದ. ಅವನ ಬೆನ್ನ ಹಿಂದೆ, ಗೂಟ ಹೊಡೆದು ಅಳೆದಿದ್ದ ಜಾಗದಲ್ಲೇ, ಎಮ್ಮೆ ಕಟ್ಟಿತ್ತು.

"ಅಕ್ಕ, ದೊಡ್ಡ ತಪ್ಪಾಗಿಹೋಯ್ತು," ಎಂದ ಕೈ ಹಿಸುಕುತ್ತ. "ಇವತ್ತು ವಾಗೆ ದಿನ. ನಮ್ಮಪ್ಪ ಸತ್ತ ದಿನ. ಆ ದಿನ ಈ ಹಿತ್ತಿಲಲ್ಲಿ ಕಂಬ ನಿಲ್ಲಿಸೋ ಹಾಗಿಲ್ಲ. ನನಗೆ ಜ್ಞಾಪಕವೇ ಬರಲಿಲ್ಲ ನೋಡಿ. ಇವತ್ತೊಂದು ದಿನ..."

"ಗೂಟ ಹೊಡೆಯೋವಾಗ ಜ್ಞಾಪಕ ಇರಲಿಲ್ವಾ?"

"ಅದೇ ಹೇಳಿದೆನಲ್ಲ ಅಕ್ಕ, ತಪ್ಪಾಯ್ತು."

ವಾಗೆ ಐದು ದಿನಕ್ಕೊಮ್ಮೆ ಬರುವ ಸಂತೆಯ ದಿನವೇ ಆದರೂ, ಅಪ್ಪ ಸತ್ತ ದಿನದ ಮಾತೆತ್ತಿದವನಿಗೆ ಯಾರು ಎದುರಾಡುತ್ತಾರೆ? ಸೆಂತೊನೊ ಇದಕ್ಕೂ ತಲೆಯಾಡಿಸಿದ. ಆದರೆ ರುಕಿಯೆಮ್‌ಗೆ ಮೊನ್ನೆ ಕಂಡದ್ದು ಈಗ ಅರ್ಥವಾಯಿತು. ಸಾದಿರಾನ್‌ನ ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ವಾಗಿಸೊ ಕುಕ್ಕುರುಗಾಲಲ್ಲಿ ಕೂತು ಮಣ್ಣು ಪುಡಿ ಮಾಡಿ ನೋಡುತ್ತಿದ್ದ. ಪಾಲಿಗೆ ಹೊಲ ಹಿಡಿಯುವವನು ನೋಡುವ ಹಾಗೆ. ಸ್ವಂತಕ್ಕೆ ಒಂದು ಗದ್ದೆಯೂ ಇಲ್ಲದವನಿಗೆ ಹೊಲ ಸಿಕ್ಕಿತ್ತು, ಅದಕ್ಕೆ ಅವನು ಕೊಟ್ಟ ಬೆಲೆ ಈ ಗೇಟು.

"ಪೈಕೆಮ್!" ಎಂದು ಕೂಗಿದಳು. ಒಳಗೆ ಒನಕೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ತಂಗಿ ಹೊರಗೆ ಬರಲಿಲ್ಲ.

ಬಿದಿರಿನ ಕೆಳಗಿದ್ದವರ ಕಾಲು ನಡುಗುತ್ತಿತ್ತು. "ಎಲ್ಲಿ ಇಡೋದು ಅಂತ ಬೇಗ ಹೇಳ್ರಪ್ಪ," ಎಂದು ಹಿಂದಿನಿಂದ ಯಾರೋ ಕೂಗಿದರು. "ಹೆಗಲು ಕಿತ್ತು ಬರ್ತಿದೆ."

ಆಗ ಮುಂದಿನ ಬಿದಿರಿನಡಿಯಿಂದ ಸಾದಿರಾನ್‌ನ ಮೆತ್ತನೆಯ ದನಿ ಬಂತು. "ಅತ್ತಿಗೆ, ನನ್ನ ಮಾತು ಕೇಳಿ. ವಾಪಸು ನಮ್ಮ ಹಿತ್ತಿಲಿಗೇ ನಡೀರಿ. ಆ ಕಲ್ಲುಗಳ ಮೇಲೇ ಇಡೋಣ. ಸಾಯೋವರೆಗೆ ಇರಿ. ನಾನು ಬೇಡ ಅಂತೀನಾ?"

"ಎಂಥಾ ಮನುಷ್ಯ ನೋಡ್ರಿ!" ಎಂದರು ಒಬ್ಬಿಬ್ಬರು. ಬೆವರಿಳಿಯುತ್ತಿದ್ದ ಮುಖಗಳೆಲ್ಲ ಹಗುರಾದವು. ಜಿಮಾನ್ ಆಗಲೇ ಹಿಂದಕ್ಕೆ ತಿರುಗಲು ಕಾಲು ಎತ್ತಿದ.

ರುಕಿಯೆಮ್ ಮೂರ್ಖಳಲ್ಲ. ತಾನಾಗಿ ಎತ್ತಿಸಿಕೊಂಡು ಹೋದ ಮನೆಯನ್ನು, ಊರೆಲ್ಲ ನೋಡುತ್ತಿರುವಾಗ, ಅವನ ಅಪ್ಪಣೆ ಪಡೆದು ಅವನ ಕಲ್ಲಿನ ಮೇಲೆ ಇಟ್ಟರೆ ತಾನು ಅವನ ಹಿತ್ತಿಲಿನ ಬಿಡಾರದವಳು. ಅವನ ಕೊಟ್ಟಿಗೆ ಗುಡಿಸಬೇಕು, ಅವನ ಸೊಸೆಗೆ ನೀರು ಸೇದಬೇಕು. ತಾನು ಸತ್ತ ದಿನ ಮನೆ ಅದು ನಿಂತ ನೆಲಕ್ಕೆ ಸೇರುತ್ತದೆ. ಒಂದು ಕಾಸು ಬಿಚ್ಚದೆ ಅವನಿಗೆ ಮನೆಯೂ ಆಯಿತು, ಆಳೂ ಆಯಿತು. ಇಷ್ಟನ್ನೂ ಲೆಕ್ಕ ಹಾಕಿಯೇ ಬೆಳಿಗ್ಗೆ ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದಾನೆ, ಹಾಳಾದವನು.

"ಇಳಿಸಿ," ಎಂದಳು.

"ಎಲ್ಲಿ?"

"ಇಲ್ಲೇ. ದಾರಿ ಮೇಲೆ."

"ದಾರಿ ಮೇಲೆ ಮನೆ ಇಡೋದುಂಟಾ, ರುಕಿಯೆಮ್?" ಎಂದ ಸೆಂತೊನೊ. "ಸಂಜೆ ಗಾಡಿಗಳು ಬರ್ತವೆ."

"ಸಂಜೆ ಹೊತ್ತಿಗೆ ಇರಲ್ಲ ಬಿಡಿ. ಇಳಿಸಿ ಅಂದೆನಲ್ಲ!"

ಮನೆ ಧೂಳಿನಲ್ಲಿ ಇಳಿದು, ಒಂದು ಕಡೆಗೆ ವಾಲಿ ನಿಂತಿತು. ಗಂಡಸರು ಹೆಗಲು ಉಜ್ಜಿಕೊಂಡರು. ರುಕಿಯೆಮ್ ಕೆಂಡದ ಕುಡಿಕೆಯನ್ನು ಬೇಲಿಯ ಬುಡದಲ್ಲಿಟ್ಟು ಮುಂದೆ ಬಂದಳು.

"ಜಿಮಾನ್, ಕಿಟಕಿ ಪಕ್ಕದ ಹಲಗೆ ಬಿಚ್ಕೋ. ಅದು ನಿನಗೆ."

"ಏನಂತೀಯ ಅಕ್ಕ?"

"ಹೊತ್ತಿದ್ದೀರಿ. ಒಬ್ಬೊಬ್ಬರು ಒಂದೊಂದು ಹಲಗೆ ತಗೊಂಡು ಹೋಗಿ. ಊಟದ ಮನೆಯಿಂದ ಎಲೆಯಲ್ಲಿ ಕಟ್ಕೊಂಡು ಹೋಗಲ್ವಾ, ಹಾಗೆ."

ಸಿಟ್ಟಿನಲ್ಲಿ ಹೇಳಿದ ಮಾತು ನಿಜ. ಆದರೆ ಸಿಟ್ಟೊಂದೇ ಅಲ್ಲ. ಮೊದಲ ಹಲಗೆಗೆ ಕೈ ಹಾಕುವಾಗ ಯಾರಾದರೂ ಒಬ್ಬ 'ತಡೀರಪ್ಪ, ಇದೇನು ಹುಚ್ಚು, ನನ್ನ ಹಿತ್ತಿಲಲ್ಲಿ ಇಡಿ' ಅಂದೇ ಅನ್ನುತ್ತಾನೆ ಎಂದು ಅವಳು ನಂಬಿದ್ದಳು. ಜಿಮಾನ್‌ನ ಬಾವಿಯಾಚೆ ಬಾಳೆಯ ಕೆಳಗೆ ಎರಡು ಮನೆ ಹಿಡಿಸುವಷ್ಟು ಜಾಗ ಬಿದ್ದಿತ್ತು. ಅವನ ಹೆಂಡತಿ ಬಾಣಂತಿಯಾಗಿ ಮಲಗಿದಾಗ ದಿನಾ ಗಂಜಿ ಒಯ್ದು ಕೊಟ್ಟವಳು ರುಕಿಯೆಮ್. ಅವಳು ಅವನ ಮುಖವನ್ನೇ ನೋಡುತ್ತ ನಿಂತಳು.

ಜಿಮಾನ್ ಸೆಂತೊನೊನ ಕಡೆ ನೋಡಿದ, ಸಾದಿರಾನ್‌ನ ಕಡೆ ನೋಡಿದ, ಆಮೇಲೆ ಹಲಗೆಯ ಕಡೆ ನೋಡಿದ. ತೇಗದ ಹಲಗೆ, ಒಂದು ಬಿರುಕಿಲ್ಲ. ಸೊಂಟದಿಂದ ಕತ್ತಿ ತೆಗೆದು ಬೆಣೆ ಸಡಿಲಿಸಿದ. "ನಿನ್ನ ಕೈ ದೊಡ್ಡದು ಅಕ್ಕ. ಋಣ ಮರೆಯಲ್ಲ," ಎಂದು ಬಾಗಿ ಹೇಳಿ ಹಲಗೆ ಹೆಗಲಿಗೇರಿಸಿಕೊಂಡ. ಈ ಸಲ ಅವನು ತಮಾಷೆ ಮಾಡಲಿಲ್ಲ.

ಅವನ ಹಿಂದೆ ಇನ್ನೊಬ್ಬ, ಆಮೇಲೆ ಮತ್ತೊಬ್ಬ. ನೂಕುನುಗ್ಗಲಿಲ್ಲ, ಜೋರು ಮಾತಿಲ್ಲ. ನಮ್ಮೂರ ಜನ ಅಷ್ಟು ಮರ್ಯಾದಸ್ಥರು! ಒಬ್ಬೊಬ್ಬರೂ ಅವಳ ಮುಂದೆ ಬಂದು, ತಲೆ ಬಾಗಿಸಿ, ಒಳ್ಳೆಯ ಮಾತು ಹೇಳಿ, ತಮ್ಮ ಹಲಗೆ ಎತ್ತಿಕೊಂಡು ನಡೆದರು. 'ತಡೀರಿ' ಅಂದವನು ಒಬ್ಬನೂ ಇರಲಿಲ್ಲ. ಅವಳು ಪ್ರತಿಯೊಬ್ಬನ ಬಾಯಿಯನ್ನೂ ನೋಡಿದಳು, ನೋಡಿ ನೋಡಿ ಕಣ್ಣು ಉರಿಯತೊಡಗಿತು. ಬೇಡ, ಹಾಗೇ ಬಿಡಿ, ನನ್ನ ಮನೆ ಬಿಡಿ ಎಂದು ಕಿರುಚಬೇಕೆನಿಸಿತು. ಕೊಟ್ಟ ಮಾತನ್ನು ಊರಿನ ಮುಂದೆ ಹೇಗೆ ವಾಪಸು ತೆಗೆದುಕೊಳ್ಳುವುದು?

ನಾಲ್ಕು ಕಂಬಗಳನ್ನು ಕೇರಿಯ ಪ್ರಾರ್ಥನೆಯ ಮನೆಗೆ ಎಂದಳು. ಸೆಂತೊನೊ ದೇವರ ಹೆಸರು ಹೇಳಿ ಒಪ್ಪಿಕೊಂಡ. ದೇವರಿಗೆ ಕೊಟ್ಟದ್ದನ್ನು ಇನ್ನು ಸಾದಿರಾನ್ ಕೇಳುವಂತಿರಲಿಲ್ಲ.

ಸಾದಿರಾನ್ ಕೊನೆಗೆ ಉಳಿದಿದ್ದ. ಮೆತ್ತನೆಯ ಮುಖದಲ್ಲಿ ದವಡೆ ಮಾತ್ರ ಗಟ್ಟಿಯಾಗಿತ್ತು. "ಇದೇನು ಮಾಡಿಬಿಟ್ರಿ ಅತ್ತಿಗೆ," ಎಂದ.

"ನೀನೂ ಹೊತ್ತಿದ್ದೀಯಲ್ಲಪ್ಪ. ಎಲ್ಲರ ಹಾಗೆ ನಿನಗೂ ಒಂದು," ಎಂದು ಒಲೆಯ ಪಕ್ಕದ, ಹೊಗೆಗೆ ಕಪ್ಪಾದ ಹಲಗೆ ತೋರಿಸಿದಳು. ಬೇಡ ಎಂದರೆ ಮರ್ಯಾದೆ ಹೋಗುತ್ತದೆ. ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಅವಳಿಗೆ ಆ ದಿನ ಸಿಕ್ಕ ಸಂತೋಷ ಅದೊಂದೇ. ಅದೂ ಅವನ ಬೆನ್ನು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಆರಿಹೋಯಿತು.

ಸಂಜೆಯ ಗಾಡಿಗಳು ಬಂದಾಗ ದಾರಿ ಖಾಲಿಯಿತ್ತು. ರುಕಿಯೆಮ್ ಬೇಲಿಯ ಬುಡದಲ್ಲಿ ಚಾಪೆಯ ಮೇಲೆ ಕೂತಿದ್ದಳು. ಕುಡಿಕೆಯ ಕೆಂಡ ಬೂದಿಯಾಗಿತ್ತು. ಗೇಟು ಕಿರುಗುಟ್ಟಿತು. ಕೊನೆಗೂ ಪೈಕೆಮ್ ಹೊರಗೆ ಬಂದಿದ್ದಳು, ಅತ್ತು ಅತ್ತು ಮುಖ ಊದಿತ್ತು. ಅವಳ ಹಿಂದೆ ವಾಗಿಸೊ.

"ಒಳಗೆ ಬಾ ಅಕ್ಕ," ಎಂದಳು ತಂಗಿ. "ಅಡುಗೆಮನೆ ಮೂಲೆಯಲ್ಲಿ ಚಾಪೆ ಹಾಸ್ಕೋ."

"ಇವತ್ತು ವಾಗೆ ಅಲ್ವಾ?"

"ಮನುಷ್ಯರು ಮಲಗೋಕೆ ದಿನ ನೋಡಬೇಕಾಗಿಲ್ಲ ಅಕ್ಕ," ಎಂದ ವಾಗಿಸೊ. ನಿಜವಾಗಿಯೂ ಪ್ರೀತಿಯಿಂದಲೇ ಅಂದ. ಮನೆಯಿಲ್ಲದವಳಿಗೆ ಜಾಗ ಕೊಡಲು ಯಾರ ಅಡ್ಡಿಯೂ ಇಲ್ಲ. ಅವಳು ಅಲ್ಲೇ ಕೂತಿರಬಹುದಿತ್ತು. ಆದರೆ ಬೆಳಿಗ್ಗೆ ಅಷ್ಟು ಜನಕ್ಕೆ ಬಡಿಸಿದವಳು ತಾನು ಒಂದು ತುತ್ತೂ ತಿಂದಿರಲಿಲ್ಲ, ಒಳಗಿನಿಂದ ಅನ್ನದ ವಾಸನೆ ಬರುತ್ತಿತ್ತು. ಚಾಪೆ ಸುತ್ತಿ, ಪೊರಕೆ ಎತ್ತಿಕೊಂಡು ಎದ್ದಳು.

ಗೇಟಿನ ಮುಂದಿನ ಚರಂಡಿಗೆ ಅಡ್ಡಲಾಗಿ ಹೊಸದಾಗಿ ಒಂದು ಹಲಗೆ ಬಿದ್ದಿತ್ತು. ಅವಳ ಬಾಗಿಲಿನದು. ತರ್ಮುಜಿ ಎತ್ತುಗಳ ಹಗ್ಗ ಸಿಕ್ಕಿಸುತ್ತಿದ್ದ ಮೊಳೆ ಅದರಲ್ಲಿ ಇನ್ನೂ ಇತ್ತು. ಹಲಗೆ ಒಯ್ದವರ ಸಾಲಿನಲ್ಲಿ ವಾಗಿಸೊ ಯಾವಾಗ ಬಂದು ನಿಂತಿದ್ದನೋ, ಬಾಯಿಗಳನ್ನಷ್ಟೇ ನೋಡುತ್ತಿದ್ದ ಅವಳ ಗಮನಕ್ಕೆ ಬಂದಿರಲಿಲ್ಲ. ರುಕಿಯೆಮ್ ಹಲಗೆಯ ಮೇಲೆ ಕಾಲಿಡಲಿಲ್ಲ. ಉಟ್ಟ ಬಟ್ಟೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದು, ಚರಂಡಿಯ ಕೆಸರಿಗಿಳಿದು, ಆಚೆ ದಡ ಹತ್ತಿ ಒಳಗೆ ಹೋದಳು.