ಮಿಲಿಟರಿ ಬಿಸ್ಕತ್ತು

ಸಂಕ್ರಾಂತಿ ಕಳೆದ ವಾರ, ಹೊತ್ತು ಮುಳುಗಿ ಕೇರಿಯಲ್ಲಿ ದೀಪ ಹತ್ತುವ ಹೊತ್ತಿಗೆ ಇದು ಶುರುವಾಯಿತು. ಪೂರಿಗಾಲಿ ಕಡೆ ಆಗ ಕಬ್ಬು ಕಡಿಯುವ ಕಾಲ. ಚಲುವಮ್ಮ ದಿನವೆಲ್ಲ ಊರ ಗೌಡ ಜಯಪ್ರಕಾಶನ ಗದ್ದೆಯಲ್ಲಿ ಕಬ್ಬು ಸವರಿ ಆಗತಾನೇ ಬಂದಿದ್ದಳು. ಸೋಗೆಯ ಅಂಚು ಕುಯ್ದ ಅಂಗೈಗೆ ನೀರು ತಾಕಿದರೆ ಚುರ್ರೆನ್ನುತ್ತಿತ್ತು. ಆದರೂ ಅವತ್ತು ಅವಳಿಗೆ ಕೈಯ ಮೇಲೆ ಗ್ಯಾನವಿರಲಿಲ್ಲ. ಮಗ ಮಂಟೇಲಿಂಗ ಮಿಲಿಟರಿಯಿಂದ ರಜಕ್ಕೆ ಬಂದಿದ್ದ.

ಬಂದವನು ಬ್ಯಾಗು ಇಟ್ಟು ನಾಲೆಗೆ ಮೀಯಲು ಹೋದ. ಅವನನ್ನು ನೋಡಲು ಕೇರಿಯೇ ಬಂತು. ಬಂದವರಿಗೆ ಟೀ ಕಾಸಿದಳು. ಬರೀ ಟೀ ಹೇಗೆ ಕೊಡುವುದು? ಮಗನ ಬ್ಯಾಗು ತೆಗೆದಳು. ಬಟ್ಟೆಯ ಕೆಳಗೆ ದೊಡ್ಡದೊಂದು ಬಿಸ್ಕತ್ತಿನ ಪೊಟ್ಟಣ ಇತ್ತು. ತಟ್ಟೆಗೆ ಸುರಿದು ತಂದಳು.

"ತಗಳಿ, ತಗಳಿ. ಮಿಲಿಟರಿ ಬಿಸ್ಕತ್ತು."

ಪಕ್ಕದ ಮನೆಯ ಪಟ್ಟಲಮ್ಮ ಒಂದನ್ನು ತಿರುಗಿಸಿ ನೋಡಿದಳು. "ಇದೇನವ್ವ ಇದು, ಎರಡು ಕಡೆಗೂ ಗುಂಡು, ನಡುವೆ ಇಡ್ಕಳಾಕೆ ಇಡಿ?"

ಕೇರಿಗೆಲ್ಲ ಹಿರಿಯ ಕರಿಯಯ್ಯ. ಅವನು ನಕ್ಕ. "ಅಷ್ಟೂ ತಿಳಿಯಾಕಿಲ್ವಮ್ಮಿ? ಕಸರತ್ತು ಮಾಡೋರು ಕಬ್ಬಿಣದ ಗುಂಡು ಎತ್ತಲ್ವಾ, ಆ ತರ. ಮಿಲಿಟರೀಲಿ ತಿನ್ನೋ ತಿಂಡೀನೂ ಕಸರತ್ತೇ."

"ನಿನ್ ಬಾಯಲ್ಲಿರೋ ಎರಡು ಅಲ್ಲೂ ಉದುರೋದಾವು, ಟೀಗೆ ಅದ್ದಿ ತಿನ್ನು ತಾತ," ಎಂದಳು ಪಟ್ಟಲಮ್ಮ.

ಎಲ್ಲರೂ ನಕ್ಕರು, ಕಟಕಟನೆ ಕಡಿದರು. ಚಲುವಮ್ಮನ ಗಂಡ ನಾಗಯ್ಯನೂ ಒಂದು ತಿಂದ. ಹುಡುಗನಾಗಿದ್ದಾಗ ಅವನು ಜಯಪ್ರಕಾಶನ ಅಪ್ಪನ ಮನೆಯಲ್ಲಿ ಜೀತಕ್ಕಿದ್ದವನು. ಎಮ್ಮೆ ತೊಳೆದು, ಗೊಂತಿನ ಪಕ್ಕದಲ್ಲೇ ಮಲಗಿದವನು. ಮಗ ಮಿಲಿಟರಿ ಸೇರಿದ ದಿನ, "ನನ್ ಜೀತ ಇವತ್ತು ಮುಗೀತು ಕಣೆ," ಎಂದಿದ್ದ.

ಅಷ್ಟರಲ್ಲಿ ಮಗಳು ಅರ್ಪಿತ ಬಂದಳು. ಮಳವಳ್ಳಿಯಲ್ಲಿ ಡಿಗ್ರಿ ಓದುವ ಹುಡುಗಿ. ಒಲೆಯ ಮುಂದೆ ಬಿದ್ದಿದ್ದ ಪೊಟ್ಟಣ ಎತ್ತಿಕೊಂಡವಳು ಅಲ್ಲೇ ನಿಂತಳು.

"ಅವ್ವ, ಇದನ್ನ ಯಾರ್ಯಾರಿಗೆ ಕೊಟ್ಟೆ?"

"ಎಲ್ಲಾರ್ಗೂವೆ. ನಿಂಗೂ ಮಡಗಿವ್ನಿ ಬುಡು."

"ಇದ್ರ ಮ್ಯಾಲೆ ನಾಯಿ ಚಿತ್ರ ಅದೆ, ನೋಡ್ನಿಲ್ವಾ?"

"ನೋಡ್ದೆ. ಬೆಂಕಿಪೊಟ್ಟಣದ ಮ್ಯಾಲೆ ಆನೆ ಇದ್ರೆ ಅದು ಆನೆ ತಿನ್ನೋದಾ?"

"ಅವ್ವ, ಇದು ನಾಯಿಗಾಕೋದು ಕಣವ್ವ."

ಜಗಲಿಯ ಮೇಲಿದ್ದವರೆಲ್ಲ ಕೈಲಿದ್ದುದನ್ನು ಕೆಳಗಿಟ್ಟರು. ನಾಗಯ್ಯ ಬಾಯಲ್ಲಿದ್ದುದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಒದ್ದೆ ತಲೆಯಲ್ಲಿ ಬಂದ ಮಂಟೇಲಿಂಗ ತಟ್ಟೆ ನೋಡಿ ಹೆದರಿದ. "ಅಯ್ಯೋ ಅವ್ವ, ಅದು ನಮ್ಮ ಆಪೀಸರ್ ಸಾಬ್ರ ನಾಯಿಗೆ ಅಂತ ಅವ್ರೆಂಡ್ರು ಮೇಮ್‌ಸಾಬ್ರು ಏಳಿದ್ದು! ಅಲ್ಲಿ ಸಿಕ್ಕಲ್ಲ ಅಂತ ಬೆಂಗ್ಳೂರಲ್ಲಿ ರೈಲು ಇಳ್ದಾಗ್ಲೇ ತಗಂಡಿದ್ದೆ."

"ಸಾಬ್ರ ನಾಯಿ ತಿಂಡಿ ನೀನ್ಯಾಕ್ಲಾ ತತ್ತೀಯೆ?" ಎಂದ ಕರಿಯಯ್ಯ.

ಹುಡುಗ ತಲೆ ತಗ್ಗಿಸಿ ಹೇಳಿದ. ಬೆಳಿಗ್ಗೆ ಪರೇಡು. ಅದಾದ ಮೇಲೆ ಸಾಬ್ರ ಮನೆ. ನಾಯಿ ಮೀಯಿಸುವುದು, ತಿರುಗಾಡಿಸುವುದು, ಬೂಟು ಉಜ್ಜುವುದು, ಅವರ ಮಕ್ಕಳನ್ನು ಸ್ಕೂಲಿಗೆ ಬಿಡುವುದು.

"ಕೋವಿ?"

"ಕೋವಿ ಅದೆ ತಾತ. ಬೆಳಿಗ್ಗೆ ಇಡ್ಕತೀನಿ, ವಾಪಸ್ ಕೊಡ್ತೀನಿ."

ಅರ್ಪಿತ ಕೇಳಿದಳು, "ಇದು ರೂಲಲ್ಲಿ ಅದಾ ಅಣ್ಣ?"

"ರೂಲಲ್ಲಿಲ್ಲ. ರೂಢೀಲದೆ."

"ಆಗಕಿಲ್ಲ ಅನ್ನು, ಮತ್ತೆ."

"ಎಂಗಂದನಮ್ಮಿ? ನಮ್ಮುನ್ನ ತಗಂಡಿರೋದೇ ನಾಕು ವರ್ಸಕ್ಕೆ. ಆಮ್ಯಾಕೆ ನಾಕು ಜನದಲ್ಲಿ ಒಬ್ಬನ್ನ ಇಟ್ಕತಾರೆ, ಮಿಕ್ಕೋರು ಮನೆಗೆ. ಸಾಬ್ರ ಬಾಯಲ್ಲಿ ಒಳ್ಳೆ ಮಾತು ಬರ್ಬೇಕು." ಸ್ವಲ್ಪ ತಡೆದು ಹೇಳಿದ. "ಎಲ್ಲಾರೂ ಅಂಗಿಲ್ಲ. ಅಲ್ಲಿ ನನ್ ಜಾತಿ ಯಾರೂ ಕೇಳಿಲ್ಲ, ಒಂದೇ ಸಾಲಲ್ಲಿ ಉಣ್ತೀವಿ. ಹೊಸದಾಗಿ ಒಬ್ರು ಹೆಣ್ಣು ಸಾಬ್ರು ಬಂದವ್ರೆ. ಅವ್ರ ಬೂಟು ಅವ್ರೇ ಉಜ್ಕತಾರೆ. 'ಇದು ತಪ್ಪು, ದೂರು ಬರ್ದುಕೊಡು' ಅಂದ್ರು ನಂಗೆ. ಹಳೇ ಸಾಬ್ರೆಲ್ಲ ಅವ್ರನ್ನ ನೋಡಿ ನಗ್ತಾರೆ. ಬರ್ದುಕೊಟ್ರೆ ನನ್ನ ಇಟ್ಕಳೋರು ಯಾರು? ನಿಮ್ಮ ಕಾಲಿಗೆ ಬೀಳ್ತೀನಿ, ಊರಲ್ಲಿ ಯಾರ್ಗೂ ಏಳ್ಬ್ಯಾಡಿ."

"ಏಳಾಕಿಲ್ಲ ಬುಡು ಮಗ," ಎಂದಳು ಪಟ್ಟಲಮ್ಮ.

ಆಮೇಲೆ ಚಲುವಮ್ಮ ಮಗನನ್ನು ನೋಡುತ್ತಲೇ ಇದ್ದಳು. ಕೋಳಿ ಕೂಗುವ ಮುಂಚೆ ಎದ್ದು ಮನೆಯವರ ಚಪ್ಪಲಿಯನ್ನೆಲ್ಲ ಒರೆಸಿ ಬಾಗಿಲ ಬಳಿ ಜೋಡಿಸಿರುತ್ತಿದ್ದ. ರಸ್ತೆಯಲ್ಲಿ ಕಾರು ಹಾರನ್ ಮಾಡಿದರೆ ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಎದ್ದು ನಿಲ್ಲುತ್ತಿದ್ದ. ನಿಂತ ಮೇಲೆ ನಾಚಿಕೆಪಟ್ಟು ಕೂರುತ್ತಿದ್ದ. ನಾಗಯ್ಯನೂ ಹಾಗೇ ಇದ್ದ, ಮದುವೆಯಾದ ಹೊಸದರಲ್ಲಿ. ಬೀದಿಯಲ್ಲಿ ಯಾರು ಕೆಮ್ಮಿದರೂ ಗೌಡರ ಮನೆಯವರೇ ಕರೆದರೆಂದು ನಿದ್ದೆಯಲ್ಲೂ ಎದ್ದು ಕೂರುತ್ತಿದ್ದ.

ಜನವರಿ ಇಪ್ಪತ್ತಾರು ಬಂತು. ಶಾಲೆಯ ಬಯಲಲ್ಲಿ ಬಾವುಟ ಏರಿಸಿದರು. ಜಯಪ್ರಕಾಶ ಮಂಟೇಲಿಂಗನಿಗೆ ಶಾಲು ಹೊದಿಸಿ ಮೈಕಿನಲ್ಲಿ ಹೇಳಿದ. "ನಮ್ಮ ಊರಿನ ಮಗ. ನಾವು ಇಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತೇವೆ, ಇವನು ಅಲ್ಲಿ ದೇಶ ಕಾಯುತ್ತಾನೆ."

ಮಕ್ಕಳು ಚಪ್ಪಾಳೆ ತಟ್ಟಿದವು. ಮಂಟೇಲಿಂಗ ನೆಲ ನೋಡುತ್ತಿದ್ದ. ಚಲುವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟಕ್ಕೇ ಮುಗಿಯಬಹುದಿತ್ತು, ಮುಗಿಯಲಿಲ್ಲ. ಮೈಕು ಬಿಟ್ಟು ಕೆಳಗಿಳಿದ ಜಯಪ್ರಕಾಶ ನಾಗಯ್ಯನ ಹೆಗಲ ಮೇಲೆ ಕೈಹಾಕಿದ.

"ನಾಲ್ಕು ವರ್ಸ ಆದ್ಮೇಲೆ ಕಳಿಸ್ಬುಟ್ರೂ ಎದುರ್ಕಬ್ಯಾಡ ಕಣೋ ನಾಗ. ನಮ್ ತೋಟದ ಮನೆಗೆ ಬರ್ಲಿ. ಕಾವಲಿಗೆ ಅಂತ ಎರಡು ನಾಯಿ ತಂದಿವ್ನಿ, ನೋಡ್ಕಳ್ಳಿ. ಮಿಲಿಟರೀಲಿ ಪಳಗಿದ ಆಳು ಎಲ್ಲಿ ಸಿಗ್ತಾನೆ?"

ನಾಗಯ್ಯನ ಬಾಯಿಂದ "ಆಗ್ಲಿ ಬುದ್ದಿ" ಎಂದು ಹೊರಟೇಬಿಟ್ಟಿತ್ತು. ಚಲುವಮ್ಮ ನಡುವೆ ಬಂದು ನಿಂತಳು.

"ಬ್ಯಾಡಿ ಗೌಡ್ರೆ. ದೇಸ ಕಾಯ್ಲಿ ಅಂತ ಕಳಿಸ್ದೆ, ಅಲ್ಲೂ ನಾಯಿ ಕಾಯಕ್ಕೆ ಬುಟ್ಟವ್ರೆ. ಅದು ಸಾಲ್ದು ಅಂತ ನಿಮ್ಮವೂ ಎರಡಾ?"

ಬಯಲೆಲ್ಲ ತಿರುಗಿ ನೋಡಿತು. ಮೇಷ್ಟ್ರು ಲಡ್ಡು ಹಂಚುತ್ತಿದ್ದವರು ನಿಂತರು. "ನಿನ್ನ ಎಂಡ್ರಿಗೆ ಬಾಯಿ ಜಾಸ್ತಿ ಆಯ್ತು ಕಣೋ ನಾಗ," ಎಂದು ಜಯಪ್ರಕಾಶ ಕಾರು ಹತ್ತಿದ.

ಮನೆಗೆ ಬಂದ ಮಗ ಶಾಲು ಮಡಿಸಿ ಮೂಲೆಗಿಟ್ಟ. ಅವನ ಗುಟ್ಟು ಊರಿನ ಬಾಯಿಗೆ ಬಿದ್ದಿತ್ತು. ಹಾಕಿದವಳು ತಾಯಿಯೇ.

"ತಪ್ಪಾಯ್ತೇನ್ಲಾ ಮಗ?" ಎಂದಳು.

ಅವನು ಉತ್ತರ ಕೊಟ್ಟದ್ದು ಹೊರಡುವ ದಿನ, ಬಸ್ಸಿಗೆ ಕಾಯುವಾಗ. ಅರ್ಪಿತ, "ಅದೇ ಬಿಸ್ಕತ್ತು ಮೈಸೂರಲ್ಲಿ ಸಿಕ್ತದಂತೆ ಅಣ್ಣ," ಎಂದಿದ್ದಕ್ಕೆ ಬೇಡವೆಂದು ತಲೆಯಾಡಿಸಿದ.

"ಬರಿಗೈಲಿ ಓದ್ರೆ ಮೇಮ್‌ಸಾಬ್ರು ಕೇಳಲ್ವಾ?" ಎಂದಳು ಚಲುವಮ್ಮ.

"ಕೇಳ್ತಾರೆ. ಮಿಲಿಟರಿ ಬಿಸ್ಕತ್ತು ಅನ್ಕಂಡು ನಮ್ಮವ್ವ ಊರಿಗೆ ಅಂಚ್ಬುಟ್ಲು ಅಂತೀನಿ. ನಾನೂ ಅಂಗೇ ಏನೇನೋ ಅನ್ಕಂಡು ಸೇರ್ದೆ ಅಂತೀನಿ. ಆಮ್ಯಾಕೆ ಆ ಹೆಣ್ಣು ಸಾಬ್ರ ತಾವ ಓಗಿ ಬರ್ದುಕೊಡ್ತೀನಿ."

"ಇಟ್ಕತಾರೇನ್ಲಾ ನಿನ್ನ?"

"ಗೊತ್ತಿಲ್ಲ ಕಣವ್ವ."

ಬಸ್ಸು ಬಂತು. ನಾಗಯ್ಯ ಮಗನ ಬ್ಯಾಗನ್ನು ತಾನೇ ಎತ್ತಿ ಬಸ್ಸಿನೊಳಗಿಟ್ಟ.

ಕೇರಿಯವರೆಲ್ಲ ಬಸ್ಸಿನ ತಾವ ಬಂದಿದ್ದರು. ಕರಿಯಯ್ಯನೂ ಕೋಲೂರಿಕೊಂಡು ಬಂದಿದ್ದ. ಜಯಪ್ರಕಾಶನ ಮೇಸ್ತ್ರಿ ಎರಡು ಸಲ ಬಂದು, "ಕಬ್ಬು ಒಣಗ್ತಾ ಅದೆ, ಬರ್ರೋ," ಎಂದು ಕೂಗಿ ಹೋದ. ಮಾರನೆಯ ದಿನ ಶುಕ್ರವಾರ ಕೂಲಿಗೆ ಹೋಗದೆ ಗತಿಯಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗುರುವಾರ ಮಾತ್ರ ಯಾರೂ ಜಯಪ್ರಕಾಶನ ಗದ್ದೆಗೆ ಇಳಿಯಲಿಲ್ಲ. ಮಂಟೇಲಿಂಗ ಹೊರಟದ್ದು ಆ ಗುರುವಾರ.