ಕೆಂಡಿಯ ಮಡಿಲು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಸಿಡುಕಿ ಎಂದೇ ಕರೆಯುತ್ತಾರೆ. ಕರೆಯಲಿ ಬಿಡಿ. ಆ ಮೂಗಿನ ತುದಿ ಬಿಟ್ಟರೆ ನನ್ನ ಮೈಯಲ್ಲಿ ಬಿಸಿ ಇರುವ ಜಾಗ ಇನ್ನೊಂದಿಲ್ಲ. ನಮ್ಮ ಜನದ ಮೈಯೇ ಹಾಗೆ. ಮೇಲೆ ಬೂದುಬಣ್ಣದ ಹುರುಪೆ, ಹಿಂದೆ ನೆಲ ಮುಟ್ಟುವ ಬಾಲ, ಒಳಗೆ ತಣ್ಣನೆಯ ರಕ್ತ. ಸ್ವಂತ ಕಾವು ನಮಗಿಲ್ಲ. ಒಂದು ಮನೆಗೆ ಹೆಚ್ಚೆಂದರೆ ಒಬ್ಬರು ಕಾವಿನವರು ಹುಟ್ಟುತ್ತಾರೆ, ಉಳಿದವರೆಲ್ಲ ಅವರನ್ನು ನೆಚ್ಚಿಕೊಂಡು ಬದುಕುತ್ತೇವೆ.

ನಮ್ಮ ಮನೆಗೆ ಹಾಗೆ ಹುಟ್ಟಿದವಳು ನನ್ನ ತಂಗಿ. ಮೊಟ್ಟೆ ಒಡೆದು ಹೊರಬಂದವಳನ್ನು ಎತ್ತಿಕೊಳ್ಳಲು ಹೋದ ಸೂಲಗಿತ್ತಿ ಅಂಗೈ ಸುಟ್ಟಂತಾಗಿ ಮಗುವನ್ನು ಬಟ್ಟೆಬುಟ್ಟಿಗೆ ಬೀಳಿಸಿಬಿಟ್ಟಳಂತೆ. ಅವತ್ತಿನಿಂದ ಅವಳು ಕೆಂಡಿ. ಬಿದ್ದ ಮಗು ಅಳಲಿಲ್ಲವಂತೆ, ಬುಟ್ಟಿಯಲ್ಲಿದ್ದ ಒದ್ದೆ ಬಟ್ಟೆಗಳನ್ನು ಒಣಗಿಸಿತಂತೆ. ಇದನ್ನು ನಮ್ಮ ಸೋದರಮಾವ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಹುಟ್ಟಿದ ಗಳಿಗೆಯಿಂದಲೇ ಅವಳಿಗೆ ಕೆಲಸ ಹಚ್ಚಿದ್ದೇವೆ ಎಂಬುದು ಆ ನಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಕೂಡ.

ಎಲ್ಲರ ಮನೆಗಳಂತೆ ನಮ್ಮದೂ ಉರುಟು ಮನೆ. ನಡುವೆ ಒಂದು ಕೋಣೆ, ಆ ಕೋಣೆಯ ನಡುವೆ ಒಂದು ತಗ್ಗು ಮಣೆ. ಅದು ಕೆಂಡಿಯ ಜಾಗ. ಬೆಳಿಗ್ಗೆ ನಾವು ಏಳುವಾಗ ಮರದ ಕೊರಡಿನಂತೆ ಸೆಟೆದಿರುತ್ತೇವೆ. ಬೆರಳು ಮಡಚುವುದಿಲ್ಲ, ನಾಲಿಗೆ ಹೊರಳುವುದಿಲ್ಲ. ತೆವಳಿಕೊಂಡು ಹೋಗಿ ಕೆಂಡಿಯ ಸುತ್ತ ಕೂತು ಒಬ್ಬೊಬ್ಬರೇ ಬಾಲವನ್ನು ಅವಳ ಮಡಿಲಿಗೆ ಹಾಕುತ್ತಿದ್ದೆವು. ಮೊದಲು ಅಮ್ಮ, ಆಮೇಲೆ ನಾನು, ಆಮೇಲೆ ಪಕ್ಕದ ಬೀದಿಯಿಂದ ಮಾವ. ಮಾವನ ಮನೆಯಲ್ಲಿ ಕಾವಿನವರಿರಲಿಲ್ಲ. ಅವರ ಬಾಲವೋ ದಪ್ಪ ಬಾಲ. ಮಾವನ ಬಾಲಕ್ಕೆ ಬೇರೆ ಮಣೆ ಮಾಡಿಸಬೇಕು ಎಂದು ಕೆಂಡಿ ಗೇಲಿ ಮಾಡುವಳು. ಮಾವ ನಗುವಷ್ಟು ಬೆಚ್ಚಗಾಗುವವರೆಗೆ ಕಾದು, ನಕ್ಕರೆ ಸಾಕು, ಎದ್ದೇಳಿ ಎನ್ನುವಳು.

ಅವಳಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಚೆನ್ನಾಗಿದೆ, ಹಿತವಾಗಿದೆ, ನಿನ್ನಿಂದ ಬದುಕಿದೆವು, ಒಂದು ಮಾತೂ ಇಲ್ಲ. ಕಾವನ್ನು ಬಾಯಲ್ಲಿ ಆಡಿದರೆ ಕಾವು ಇಳಿಯುತ್ತದೆ ಎಂದು ನಮ್ಮವರ ನಂಬಿಕೆ. ಬಾಲ ಎತ್ತಿಕೊಂಡು ಕೆಲಸಕ್ಕೆ ಹೋಗುವುದೇ ಮರ್ಯಾದೆ. ಇನ್ನೊಂದು ಮರ್ಯಾದೆಯೂ ಇದೆ. ಕಾವಿನವರ ಮಡಿಲು ಯಾವ ಬೆಳಗ್ಗೆಯೂ ಬರಿದಾಗಿರಬಾರದು. ಬರಿ ಮಡಿಲು ಸತ್ತವರದ್ದು.

ಈ ಸಲದ ಚಳಿಯಲ್ಲಿ ಕೆಂಡಿಯ ಕಾವು ಇಳಿಯತೊಡಗಿತು. ಮೊದಲು ಗೊತ್ತಾದದ್ದು ನನಗೆ. ನಾನು ಕೆಲಸ ಮಾಡುವುದು ಇಸ್ತ್ರಿ ಅಂಗಡಿಯಲ್ಲಿ. ಬಟ್ಟೆಯ ಮೇಲೆ ಪೆಟ್ಟಿಗೆ ಇಡುವ ಮೊದಲೇ ಅದು ಎಷ್ಟು ಕಾದಿದೆ ಎಂದು ನನಗೆ ತಿಳಿಯುತ್ತದೆ. ಕೆಂಡಿಯ ಮಡಿಲಿನಿಂದ ಎದ್ದ ಮೇಲೂ ನನ್ನ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅಮ್ಮನಿಗೆ ಹೇಳಿದರೆ ಚಳಿ ಜಾಸ್ತಿ ಅಷ್ಟೇ ಎಂದಳು. ಹಟ ಮಾಡಿ ವೈದ್ಯೆಯನ್ನು ಕರೆತಂದೆ. ಅವರು ನಾಲಿಗೆಯ ತುದಿಯನ್ನು ಕೆಂಡಿಯ ಕತ್ತಿಗೆ ತಾಗಿಸಿ ನೋಡಿ, ಮತ್ತೊಮ್ಮೆ ತಾಗಿಸಿದರು. ಬಾವಿ ಬತ್ತುತ್ತಿದೆ, ಒರತೆ ತುಂಬುವವರೆಗೆ ಯಾರೂ ನೀರು ಸೇದಬೇಡಿ ಎಂದರು. ಚಳಿ ಕಳೆಯುವ ತನಕ ಈ ಮಡಿಲಿಗೆ ಒಂದು ಬಾಲವೂ ಬೀಳಕೂಡದು, ಬಿದ್ದರೆ ಹುಡುಗಿ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿಯೇ ಹೋದರು.

ಹೇಳುವುದು ಸುಲಭ. ನೆಂಟರಿಗೆ ಸುದ್ದಿ ಮುಟ್ಟಿದ್ದೇ ತಡ, ಸೆಟೆದ ಕಾಲುಗಳನ್ನು ಎಳೆದುಕೊಂಡು ಒಬ್ಬೊಬ್ಬರೇ ಬಂದರು. ಕಾವಿನವರಿಗೆ ಹುಷಾರಿಲ್ಲದಾಗ ನಮ್ಮವರು ಮಾಡುವುದು ಒಂದೇ ಕೆಲಸ, ಬಾಲ ಹಾಕುವುದು. ನಿನ್ನನ್ನು ಬಿಟ್ಟಿಲ್ಲ, ನೀನಿನ್ನೂ ಬೇಕು ಎಂದು ಹೇಳಲು ನಮಗೆ ಬೇರೆ ದಾರಿ ಗೊತ್ತಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ. ಬಂದವರನ್ನೆಲ್ಲ ಬಯ್ದು ಕಳಿಸಿದೆ. ಮಾವನನ್ನೂ ಬಿಡಲಿಲ್ಲ. ಅವರು ಅಂಗಳದಲ್ಲೇ ಕೂತು, ನಮ್ಮ ಹುಡುಗೀನ ಬದುಕಿದ್ದಾಗಲೇ ಬರಿ ಮಡಿಲು ಮಾಡಿಬಿಟ್ಟಳಲ್ಲ ಈ ಪುಣ್ಯಾತ್ಗಿತ್ತಿ ಎಂದು ಬೀದಿಗೆಲ್ಲ ಕೇಳುವಂತೆ ಗೋಳಾಡಿದರು. ಗೋಳಾಡಲಿ, ನಾನೇನು ಹೊಗಳಿಸಿಕೊಳ್ಳಲು ನಿಂತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ಚಳಿ ಹೋಗುವ ತನಕ ನನ್ನ ತಂಗಿ ಉಸಿರಾಡಿಕೊಂಡಿರಬೇಕು.

ನನ್ನನ್ನು ಸೋಲಿಸಿದವಳು ಕೆಂಡಿಯೇ. ಬರಿ ಮಡಿಲಲ್ಲಿ ಕೂತವಳು ದಿನದಿನಕ್ಕೆ ಕುಗ್ಗಿಹೋದಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಣೆಯ ಅಂಚನ್ನು ಸವರುತ್ತಿದ್ದಳು. ಮೂಲೆಯಲ್ಲಿ ಅಮ್ಮ ಕಂಬಳಿ ಸುತ್ತಿಕೊಂಡು ನಡುಗುತ್ತಿದ್ದಳು. ಒಳಗೆ ಕಾವಿಲ್ಲದವರಿಗೆ ಕಂಬಳಿ ಏನನ್ನು ಕಾಯಬೇಕು? ಅಮ್ಮ ಒಂದು ಲೋಟ ನೀರು ಎತ್ತಲಾರದೆ ಕೈಜಾರಿಸಿದ ದಿನ ಕೆಂಡಿ ನನ್ನನ್ನು ಕರೆದಳು.

"ಬಾಗಿಲು ಬಿಡಕ್ಕ. ನಾನು ಸುಮ್ನೆ ಕೂತು ಉಳ್ಕೊಂಡ್ರೆ ಅದೂ ಒಂದು ಉಳಿಯೋದಾ?"

ನಾನು ಬಾಯಿಗೆ ಬಂದಂತೆ ಬಯ್ದೆ. ಅವಳು ಕೇಳಿಸಿಕೊಂಡು ಆಯ್ತಾ ಎಂದಳು. ಆಮೇಲೆ ಅಮ್ಮನ ಬಾಲವನ್ನು ತಾನೇ ಎಳೆದು ಮಡಿಲಿಗೆ ಹಾಕಿಕೊಂಡಳು. ಅಂಗಳದಿಂದ ಮಾವನೂ ಬಂದರು. ಪಾಪ, ಅಳುತ್ತಲೇ ಬಂದರು, ಅಳುತ್ತಲೇ ಬಾಲ ಹಾಕಿದರು. ಅವರಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ಆ ಪ್ರೀತಿಯೇ ಅವಳನ್ನು ಹೀರುತ್ತಿತ್ತು. ನಾನು ಮಾತ್ರ ನನ್ನ ಬಾಲವನ್ನು ಸೊಂಟಕ್ಕೆ ಸುತ್ತಿಕೊಂಡು, ಸೆಟೆದ ಕಾಲು ಎಳೆಯುತ್ತಾ ಕೆಲಸಕ್ಕೆ ಹೋದೆ.

ಒಂದು ವಾರ ಕಳೆಯುವುದರೊಳಗೆ ಕೆಂಡಿಗೆ ಕೂರಲೂ ಆಗದಾಯಿತು. ಮಣೆ ತೆಗೆದು ಹಾಸಿಗೆ ಹಾಸಿದೆವು. ಆಗ ಅಮ್ಮನಿಗೂ ಬುದ್ಧಿ ಬಂತು, ಮಾವನಿಗೂ ಬಂತು. ಇನ್ನು ಮುಟ್ಟುವುದಿಲ್ಲ ಎಂದು ಇಬ್ಬರೂ ದೂರ ಕೂತರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಅವತ್ತು ಅಂಗಡಿಯಲ್ಲಿ ಒಲೆಯಿಂದ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದೆ. ಕಾದ ಪೆಟ್ಟಿಗೆಗಳ ಹತ್ತಿರ ನಿಲ್ಲುವಾಗ ನಾವು ಎದೆಯಿಂದ ಪಾದದವರೆಗೆ ಒದ್ದೆ ಗೋಣಿ ಕಟ್ಟಿಕೊಳ್ಳುತ್ತೇವೆ. ಬೆಂಕಿಯ ಕಾವು ನಮ್ಮ ಮೈಗೆ ಬೇಗ ಹತ್ತುತ್ತದೆ, ಹತ್ತಿದರೆ ಹುರುಪೆ ಬಿರಿಯುತ್ತದೆ, ಬಿರಿದದ್ದು ಮತ್ತೆ ಕೂಡುವುದಿಲ್ಲ. ಅದಕ್ಕಿಂತ ದೊಡ್ಡದು ಮಾನದ ಮಾತು. ಬೆಂಕಿಗೆ ಮೈಯೊಡ್ಡುವವರು ಮನೆಯಿಲ್ಲದವರು, ಮಡಿಲಿಲ್ಲದವರು. ಅದನ್ನು ಬೀದಿ ಕಾವು ಎನ್ನುತ್ತಾರೆ. ಬೀದಿ ಕಾವು ತಿಂದವಳು ಎಂದರೆ ನಮ್ಮಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಇಕ್ಕಳದಲ್ಲಿ ಕೆಂಡ ಹಿಡಿದು ನಿಂತಿದ್ದವಳಿಗೆ ಥಟ್ಟನೆ ಒಂದು ಯೋಚನೆ ಬಂತು. ಇಷ್ಟು ವರ್ಷ ಅವಳಿಂದ ತೆಗೆದುಕೊಂಡಿದ್ದೇವೆ. ನಾವು ಯಾರಾದರೂ ಅವಳಿಗಿಂತ ಬಿಸಿಯಾಗಿ ಹೋದರೆ?

ಗೋಣಿ ಬಿಚ್ಚಿದೆ. ಒಲೆಗೆ ಬೆನ್ನು ಕೊಟ್ಟು ನಿಂತೆ, ಆಮೇಲೆ ಎದೆ ಕೊಟ್ಟೆ. ಹುರುಪೆ ಚಟಚಟ ಎನ್ನತೊಡಗಿತು. ನೋವು ಹೇಗಿತ್ತೆಂದು ಹೇಳಿ ನಿಮ್ಮ ಕನಿಕರ ಗಿಟ್ಟಿಸುವುದಿಲ್ಲ, ಹಲ್ಲು ಕಚ್ಚಿದ್ದೆ ಅಷ್ಟೇ. ಅಂಗಡಿಯ ಯಜಮಾನಿ ಒಳಗೆ ಬಂದವರು ನನ್ನನ್ನು ನೋಡಿ ನಿಂತರು. ಈಗ ಬಯ್ಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೆ. ಅವರು ಬೀದಿ ಬಾಗಿಲನ್ನು ಮುಚ್ಚಿ, ಒಲೆಗೆ ಇನ್ನಷ್ಟು ಇದ್ದಿಲು ಸುರಿದು, ಕಿಟಕಿಯ ಕಡೆ ತಿರುಗಿ ಬಟ್ಟೆ ಮಡಚುತ್ತಾ ಕೂತರು.

ಮನೆಗೆ ಓಡಿದೆ. ಮಧ್ಯಾಹ್ನದ ಹೊತ್ತು, ಅಮ್ಮನೂ ಮಾವನೂ ಅಂಗಳದ ಮಂಕು ಬಿಸಿಲಿನಲ್ಲಿ ತೂಕಡಿಸುತ್ತಿದ್ದರು. ಅವರ ಕಣ್ಣು ತಪ್ಪಿಸಿ ಒಳಗೆ ಹೋಗಿ ಕೆಂಡಿಯ ಪಕ್ಕ ಮಲಗಿ ಅವಳನ್ನು ತಬ್ಬಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ನನ್ನ ತಂಗಿಯ ಮೈ ನನಗೆ ತಣ್ಣಗೆ ತಾಗಿತು. ನಾನು ಬೆಚ್ಚಿಬಿದ್ದೆ. ಆದರೆ ಬಿಡಲಿಲ್ಲ. ನನ್ನ ಮೈಯ ಕಾವು ನಿಧಾನವಾಗಿ ಅವಳೊಳಗೆ ಇಳಿಯತೊಡಗಿತು. ಅವಳ ಬೆರಳುಗಳು ಸಡಿಲಗೊಂಡವು. ಕಣ್ಣು ತೆರೆದಳು. ಏನೋ ಕಂಡು ಹೆದರಿದವಳಂತೆ ನನ್ನನ್ನೇ ನೋಡಿದಳು.

"ಅಕ್ಕ, ಏನಿದು?"

"ಕಾವು ಕಣೇ."

ಅವಳು ನನ್ನ ಕತ್ತಿನಡಿ ಮುಖ ಹುದುಗಿಸಿದಳು.

"ಇದೇನಾ ನಾನು ನಿಮ್ಗೆಲ್ಲ ಕೊಡ್ತಿದ್ದದ್ದು?"

ಹೂಂ ಎಂದೆ.

"ಇಷ್ಟು ಚೆನ್ನಾಗಿರುತ್ತೆ ಅಂತ ಯಾರೂ ಹೇಳ್ಲೇ ಇಲ್ವಲ್ಲ ಅಕ್ಕ."

ಕಾವಿನವಳಿಗೆ ಕಾವು ಎಂದರೇನೆಂದು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನಮ್ಮ ತಣ್ಣನೆಯ ಬಾಲಗಳನ್ನಷ್ಟೇ ಅವಳು ಮುಟ್ಟಿದ್ದು. ಮಾವ ಯಾಕೆ ನಗುತ್ತಾರೆ, ಅಮ್ಮ ಯಾಕೆ ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಾಳೆ ಎಂದು ಅವಳಿಗೆ ಒಂದು ದಿನವೂ ಅರ್ಥವಾಗಿರಲಿಕ್ಕಿಲ್ಲ. ಕೇಳಲು ನಾಚಿಕೊಂಡಿರಬೇಕು. ನಾವೂ ಹೇಳಲಿಲ್ಲ. ನಾನು ಅಲ್ಲಿಯೇ ಅತ್ತೆ. ಸಿಡುಕಿ ಅಳುತ್ತಾಳೆ ಎಂದು ಅವಳಿಗೆ ನಗು ಬಂತು.

ನನ್ನ ಮೈ ಆರುತ್ತಾ ಬಂತು. ಅವಳಿಗೂ ಅದು ತಿಳಿಯಿತು. ಇನ್ನೂ ಸ್ವಲ್ಪ ಇದೆಯಾ ಎಂದು ಕೇಳಿದಳು, ಅಷ್ಟು ಸಂಕೋಚದಿಂದ. ತನಗಾಗಿ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಬೇಕಾದಷ್ಟಿದೆ, ತರ್ತೀನಿ ಇರು ಎಂದು ಹೇಳಿ ಎದ್ದೆ. ಅಂಗಳದಲ್ಲಿ ಅಮ್ಮ ಕಣ್ಣುಬಿಟ್ಟು ಎಲ್ಲಿಗೆ ಎಂದಳು. ಅಂಗಡಿಗೆ ಎಂದೆ. ಬೀದಿ ಕಾವಿನ ಮಾತನ್ನು ಅಮ್ಮನೆದುರು ಆಡಲು ನಾಲಿಗೆ ಏಳಲಿಲ್ಲ.

ಎರಡನೆಯ ಸಲ ಒಲೆಯ ಮುಂದೆ ಹೆಚ್ಚು ಹೊತ್ತು ನಿಂತೆ. ಜಾಸ್ತಿ ಒಯ್ಯಬೇಕೆಂಬ ಆಸೆ. ಎದೆಯ ಹುರುಪೆ ಎರಡು ಕಡೆ ಬಿರಿದು ರಕ್ತ ಜಿನುಗಿತು. ಯಜಮಾನಿ ಸಾಕು ಹೋಗು ಎಂದು ಗದರಿ ಕಳಿಸಿದರು. ದಾರಿಯಲ್ಲಿ ಯಾರಿಗೂ ಮೈ ತಾಗಿಸದೆ, ಒಂದು ಚೂರೂ ಚೆಲ್ಲದಂತೆ ನಡೆದೆ.

ನಡುಕೋಣೆಯಲ್ಲಿ ಅಮ್ಮನೂ ಮಾವನೂ ಕೆಂಡಿಯ ಅಕ್ಕಪಕ್ಕ ಕೂತಿದ್ದರು. ಇಬ್ಬರ ಬಾಲಗಳೂ ಅವಳ ಮಡಿಲಲ್ಲಿದ್ದವು. ಅವಳ ಕೈಗಳು ಅವುಗಳ ಮೇಲಿದ್ದವು. ಬೆರಳು ಅಲುಗುತ್ತಿರಲಿಲ್ಲ. ನನ್ನ ಬಾಯಿಗೆ ಬೈಗುಳ ಬಂತು, ಅಷ್ಟರಲ್ಲಿ ಅಮ್ಮ ತಲೆಯೆತ್ತಿದಳು. ಅವಳ ಮುಖ ಅಳುತ್ತಿತ್ತು, ಆದರೆ ಬೆಳಗುತ್ತಲೂ ಇತ್ತು.

"ಅವಳೇ ಕರೆದಳು ಕಣೇ. ಅಮ್ಮಾ, ಬೆಚ್ಚಗಾಗಿದೀನಿ, ಬೇಗ ಬಾ, ಮಾವನ್ನೂ ಕರ್ಕೊಂಡು ಬಾ ಅಂದ್ಳು. ಕೊನೇಲಿ ಎಷ್ಟು ಕಾವು ಬಂದಿತ್ತು ಗೊತ್ತಾ ನನ್ನ ಮಗಳಿಗೆ?"

ಗೊತ್ತಿತ್ತು. ಅದು ಎಲ್ಲಿಂದ ಬಂತೆಂದು ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರೇ, ಅವರಲ್ಲಿ ಒಬ್ಬಳು ಉಸಿರಿಲ್ಲದೆ ಮಲಗಿದ್ದಳು. ಕೈಗೆ ಬಂದದ್ದನ್ನು ಒಂದು ಗಳಿಗೆಯಾದರೂ ತನ್ನದೆಂದು ಇಟ್ಟುಕೊಳ್ಳಲು ಅವಳಿಗೆ ಬರಲಿಲ್ಲ. ಇಟ್ಟುಕೊಳ್ಳುವುದನ್ನು ನಾವು ಅವಳಿಗೆ ಕಲಿಸಿರಲಿಲ್ಲ.

ಮಾವ ಮೊದಲು ಬಾಲ ಎತ್ತಿಕೊಂಡರು, ಆಮೇಲೆ ಅಮ್ಮ. ಮಡಿಲು ಬರಿದಾಯಿತು. ನಾನು ಅಮ್ಮನ ಪಕ್ಕದಲ್ಲಿ ಕುಸಿದು ಕೂತೆ. ತಂದ ಕಾವೆಲ್ಲ ಮೈಯಲ್ಲೇ ಇತ್ತು, ಅಂಗಿಯೊಳಗೆ ಬಿರಿದ ಜಾಗ ಉರಿಯುತ್ತಿತ್ತು. ಕೋಣೆಯಲ್ಲಿ ಚಳಿ ಏರತೊಡಗಿತು. ಅಮ್ಮನಿಗೆ ನಡುಕ ಶುರುವಾಯಿತು. ಅವಳು ನನ್ನ ಕಡೆ ನೋಡಲೂ ಇಲ್ಲ. ಹತ್ತಿರದಲ್ಲಿ ಎಲ್ಲೋ ಬಿಸಿ ಇದೆ ಎಂದಷ್ಟೇ ತಿಳಿದು, ಅಭ್ಯಾಸಬಲದಿಂದ, ಅವಳ ಬಾಲ ತೆವಳಿಕೊಂಡು ಬಂದು ನನ್ನ ಮಡಿಲಲ್ಲಿ ಬಿತ್ತು.

ತಳ್ಳಿಬಿಡಬೇಕು ಅನ್ನಿಸಿತು. ಕೈ ಎತ್ತಿಯೂ ಆಗಿತ್ತು. ಎತ್ತಿದ ಕೈಯನ್ನು ಹಾಗೆಯೇ ಅದರ ಮೇಲೆ ಇಟ್ಟೆ. ಅದು ಮಂಜುಗಡ್ಡೆಯಂತಿತ್ತು. ಕೆಂಡಿ ದಿನಾ ಮುಟ್ಟುತ್ತಿದ್ದದ್ದು ಇದನ್ನೇ. ಅಮ್ಮ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟಳು.

"ಬೆಚ್ಚಗಿದ್ರೆ ಬೆಚ್ಚಗಿದೆ ಅಂತ ಬಾಯ್ಬಿಟ್ಟು ಹೇಳಮ್ಮ," ಎಂದೆ.

ಕಾವನ್ನು ಬಾಯಲ್ಲಿ ಆಡಬಾರದು. ಮಾವ ಗಾಬರಿಯಿಂದ ನನ್ನನ್ನು ನೋಡಿದರು. ಅಮ್ಮ ಕಣ್ಣು ತೆರೆದಳು, ನನ್ನ ಅಂಗಿಯ ಮೇಲಿನ ರಕ್ತದ ಕಲೆ ಕಂಡಳು, ಹೊಗೆಯ ವಾಸನೆ ಹಿಡಿದಳು. ಅವಳಿಗೆ ಎಲ್ಲವೂ ತಿಳಿದುಹೋಯಿತು. ಬಾಲವನ್ನು ಎಳೆದುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ.

ಬೆಚ್ಚಗಿದೆ, ತುಂಬಾ ಬೆಚ್ಚಗಿದೆ ಮಗಳೇ ಎಂದಳು ಅಮ್ಮ. ಹೇಳುವಾಗ ಅವಳು ನೋಡುತ್ತಿದ್ದದ್ದು ಕೆಂಡಿಯನ್ನು.