ಎರಡೇ ದಿನದ ಗುಳಿಗೆ

ಓಬವ್ವನ ಬಾಯಿ ಎಂಥದು ಅಂತ ಗುತ್ತೂರಿಗೇ ಗೊತ್ತು. ಮಗ ಅಂಜನಕುಮಾರ ಎದುರಾಡಿದರೆ ಏಳು ಕೆರೆ ನೀರು ಕುಡಿಸೋಳು, ಸೊಸೆ ಭವ್ಯಾನ ಮುಂದೆ ಮಾತ್ರ ಬೆಣ್ಣೆಯಂತೆ ಕರಗೋಳು. "ನನ್ನ ಹೊಟ್ಟ್ಯಾಗೆ ಹುಟ್ಟಬೇಕಾಗಿತ್ತು, ದಾರಿ ತಪ್ಪಿ ಬ್ಯಾರೆ ಮನ್ಯಾಗೆ ಹುಟ್ಟೈತೆ" ಅಂತ ಓಣಿಗೆಲ್ಲ ಸಾರೋಳು. ಸೊಸೆ ಹಾಲು ಉಕ್ಕಿಸಿದರೂ ಉಕ್ಕಿಸಿದ್ದು ನಾನೇ ಅನ್ನೋಳು.

ಭವ್ಯಾ ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಹರಿಹರದಲ್ಲಿ ಬಸ್ಸು ಹತ್ತಿದರೆ ತಿರುಗಿ ಮನೆ ಕಾಣೋದು ದೀಪ ಹಚ್ಚಿದ ಮೇಲೆ. ಅಲ್ಲಿ ಹನ್ನೆರಡು ಹೆಣ್ಣುಮಕ್ಕಳಿಗೆ ಒಂದೇ ಪಾಯಖಾನೆ, ಅದರ ಬೀಗದ ಕೈ ಸಾಹುಕಾರನ ಗಲ್ಲಾದಲ್ಲಿ. ಗಿರಾಕಿಗಳ ಎದುರಿಗೇ ಹೋಗಿ ಕೇಳಬೇಕು. ಅದಕ್ಕೇ ಅವಳು ನೀರು ಕುಡಿಯೋದನ್ನೇ ಬಿಟ್ಟಿದ್ದಳು. ಕಲಿಸಿದ್ದೂ ಓಬವ್ವನೇ. "ಹೊರಗೆ ದುಡಿಯೋ ಹೆಂಗಸು ಗಂಟಲು ಕಟ್ಟಬೇಕು. ನಾನು ನಾಟಿಗೆ ಹೋದ್ರೆ ಹೊತ್ತು ಮುಳುಗೋ ತನ ಒಂದು ಗುಟುಕು ಕುಡಿದೋಳಲ್ಲ!"

ಬಸಿರಿನ ಏಳನೇ ತಿಂಗಳಲ್ಲಿ ಭವ್ಯಾಗೆ ಉರಿಮೂತ್ರ ಶುರುವಾಯಿತು. ಹರಿಹರದ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಸೋಂಕು ಅಂತ ಏಳು ದಿನದ ಗುಳಿಗೆ ಕೊಟ್ಟರು. "ಉರಿ ನಿಂತ್ರೂ ಬಿಡಬ್ಯಾಡ್ರಿ, ಪೂರ್ತಿ ನುಂಗ್ರಿ. ನೀರು ಕುಡೀರಿ, ಬಂದಾಗ ತಡಕೋಬ್ಯಾಡ್ರಿ" ಅಂದರು.

ಎರಡೇ ದಿನಕ್ಕೆ ಉರಿ ನಿಂತಿತು. ಓಬವ್ವನ ಜೀವದ ತಳಮಳ ಮಾತ್ರ ನಿಲ್ಲಲಿಲ್ಲ. ಎರಡು ವರ್ಷದ ಕೆಳಗೆ ಚೊಚ್ಚಲ ಬಸಿರು ಮೂರು ತಿಂಗಳಿಗೇ ಹೋದಾಗ ಭವ್ಯಾ ಜ್ವರದ ಗುಳಿಗೆ ನುಂಗಿದ್ದಳು. ಗುಳಿಗೆಯ ಉಷ್ಣವೇ ಕೂಸನ್ನು ತಿಂದಿತು ಅಂತ ಮುದುಕಿ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಯಾರು ಹೇಳಿದರೂ ಬಿಚ್ಚೋ ಗಂಟಲ್ಲ ಅದು.

"ಸಾಕು ತಾಯಿ, ಉರಿ ಹೋತಲ್ಲ. ಇನ್ನೂ ಯಾಕ ಉಷ್ಣ ತುಂಬಿಸ್ಕೋತೀಯ?"

"ಅತ್ತೆ, ಡಾಕ್ಟ್ರು ಏಳು ದಿನ ಅಂದಾರೆ."

"ಡಾಕ್ಟ್ರು ಹೆರ್ತಾರೇನು? ಕೊಡಿಲ್ಲಿ. ನಿನ್ ಗಂಡಗೆ ಹೇಳಬ್ಯಾಡ, ಸುಮ್ನೆ ಕೂಗಾಡ್ತಾನೆ."

ಗುಳಿಗೆ ಬಚ್ಚಲ ಪಾಲಾದವು. ಬದಲಿಗೆ ಕಾಲಿನ ಹೆಬ್ಬೆರಳಿಗೆ ಸುಣ್ಣ, ಹೊಕ್ಕುಳಿಗೆ ಹರಳೆಣ್ಣೆ. ಭವ್ಯಾ ನಗುತ್ತಲೇ ಕಾಲು ಚಾಚಿದಳು. ಮಾರನೇ ದಿನ ನೀರು ಮುಟ್ಟದೆ ಗಂಟಲು ಕಟ್ಟಿಕೊಂಡು ಅಂಗಡಿಗೂ ಹೋದಳು.

ಹತ್ತು ದಿನ ಕಳೆಯುವಷ್ಟರಲ್ಲಿ ಬೆನ್ನಿನ ಪಕ್ಕೆಯಲ್ಲಿ ಚಳುಕು, ಗಡಗಡ ನಡುಕ, ಕೆಂಡದಂಥ ಜ್ವರ. ಅಂಜನಕುಮಾರ ಹೆಂಡತಿಯನ್ನೂ ಅವ್ವನನ್ನೂ ಆಟೋದಲ್ಲಿ ಹಾಕಿಕೊಂಡು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಓಡಿದ. ಸೋಂಕು ಕಿಡ್ನಿಗೆ ಏರಿತ್ತು. "ಮೊದಲು ಕೊಟ್ಟ ಗುಳಿಗೆ ಪೂರ್ತಿ ತಗೊಂಡ್ರಾ?" ಅಂತ ಅಲ್ಲಿನ ಡಾಕ್ಟರು ಕೇಳಿದರು. ಮಗ ಪಕ್ಕದಲ್ಲೇ ನಿಂತಿದ್ದ. "ಹ್ಞೂಂ ರೀ, ಏಳು ದಿನಾನೂ ನನ್ನ ಕೈಯಾರೆ ನುಂಗಿಸೀನಿ" ಅಂದುಬಿಟ್ಟಳು ಓಬವ್ವ. ಥೂ, ಹಾಳು ನಾಲಿಗೆ!

ಅವತ್ತು ಸಂಜೆಯೇ ಹೆರಿಗೆ ನೋವು ಬಂತು. ಗಂಡುಕೂಸು, ಎರಡು ಅಂಗೈ ಜೋಡಿಸಿದರೆ ಹಿಡಿಸುವಷ್ಟು. ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿ ಉಸಿರಾಡಿತು. ನಾಲ್ಕನೇ ದಿನ ಬೆಳಿಗ್ಗೆ ತೀರಿಹೋಯಿತು.

ಅಷ್ಟರಲ್ಲಿ ಭವ್ಯಾಗೆ ಜ್ವರ ಇಳಿದಿತ್ತು. ಡಾಕ್ಟರು ಮತ್ತೆ ಗುಳಿಗೆಯ ಮಾತನ್ನೇ ಕೇಳಿದಾಗ "ಎರಡೇ ದಿನ ನುಂಗಿದ್ದು ಮೇಡಂ" ಅಂದಳು. ಯಾಕೆ ಅಂತ ಹೇಳಲಿಲ್ಲ.

ಅಂಜನಕುಮಾರ ಸಿಡಿದ. "ನಿನ್ನ ಸೊಕ್ಕಿಗೆ ನನ್ನ ಮಗ ಹೋದ! ಅವ್ವನ ಬಾಯಾಗೂ ಸುಳ್ಳು ಹೇಳಿಸಿದೆಯಲ್ಲೇ!"

ಓಬವ್ವನ ಕರುಳು ಕಿತ್ತು ಬಂತು. "ಅವಳದೇನೂ ತಪ್ಪಿಲ್ಲ ಕಣೋ. ನಾನೇ ಕಸ್ಕೊಂಡು ಬಚ್ಚಲಿಗೆ ಹಾಕಿದೆ."

"ಸುಮ್ಕಿರವ್ವ. ಇವಳು ಏನು ಮಾಡಿದ್ರೂ ನಿನ್ ತಲೆ ಮ್ಯಾಲೆ ಹಾಕ್ಕೊಂತೀಯ. ನಿನ್ನ ನಾ ಕಂಡಿಲ್ಲೇನು?"

"ಉಕ್ಕಡಗಾತ್ರಿ ಅಜ್ಜಯ್ಯನ ಆಣೆಗೂ..."

"ಸತ್ತ ಕೂಸಿನ ಮುಂದೆ ಸುಳ್ಳು ಆಣೆ ಇಡಬ್ಯಾಡ!"

ನೀನಾದರೂ ಹೇಳೇ ಅಂತ ಓಬವ್ವ ಸೊಸೆಯ ಕೈ ಹಿಡಿದಳು. ಭವ್ಯಾ ಕೈ ಬಿಡಿಸಿಕೊಂಡು ಗೋಡೆಯ ಕಡೆಗೆ ಹೊರಳಿದಳು. ಅಂಜನಕುಮಾರ ಬಟ್ಟೆ ಸುತ್ತಿದ ಕೂಸನ್ನು ಎತ್ತಿಕೊಂಡ. "ಇವಳು ಇಲ್ಲಿಂದ ಸೀದಾ ತವರಿಗೆ ಹೋಗಲಿ, ನಮ್ಮ ಹೊಸ್ತಿಲು ತುಳಿಯಂಗಿಲ್ಲ" ಅಂದು ಹೊರಟುಹೋದ.

"ಕೊಂದೋಳು ನಾನು ಕಣೋ, ನಾನು!" ಅಂತ ಓಬವ್ವ ಎದೆ ಬಡಿದುಕೊಂಡು ಅವನ ಹಿಂದೆ ಓಡಿದಳು. ವಾರ್ಡಿನ ಹೆಂಗಸರು ಕಣ್ಣು ಒರೆಸಿಕೊಂಡರು. "ಇಂಥ ಅತ್ತೆ ಸಿಗಾಕೆ ಪುಣ್ಯ ಮಾಡಿರಬೇಕು" ಅಂದರು.